ಯಂತ್ರದ ಮೇಲೆ ಯಾರೂ ಕೂರಬಾರದು

ಸೋಮವಾರ, ೪ನೇ ತಾರೀಖು

ನಮ್ಮ ಮಗಳ ತಂದೆಯವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ಮಗಳ ಕೈಯಿಂದ ತಲುಪಿತು. ಮನೆ ಬಿಟ್ಟು ಹೋದ ಮೇಲೆ ನೀವು ನನಗೆ ಬರೆದ ಮೊದಲ ಪತ್ರ. ಕ್ಷೇಮಸಮಾಚಾರ ಇರುತ್ತದೇನೋ ಎಂದು ಬಿಡಿಸಿದರೆ ಒಳಗೆಲ್ಲ ನಮ್ಮ ಮುಳ್ಳಂದಿ ಯಂತ್ರದ ಮಾತು. ಇರಲಿ. ಕೇಳಿದ್ದಕ್ಕೆ ಉತ್ತರ ಕೊಡುವುದು ನನ್ನ ಅಭ್ಯಾಸ, ಕೇಳದ್ದಕ್ಕೆ ಉತ್ತರ ಕೊಡುವುದು ನಿಮ್ಮದು.

ನೀವು ಬರೆದದ್ದು ನನಗೆ ಸರಿಯಾಗಿ ಅರ್ಥವಾಗಿದೆಯೇ ನೋಡಿ. ನಿಮ್ಮ ಅಕ್ಕನ ಊರಿನ ದೊಡ್ಡಾಸ್ಪತ್ರೆಯಲ್ಲಿ ತೋಟದ ಕೆಲಸಕ್ಕೆ ಸೇರಿದ್ದೀರಿ. ಸೇರುವಾಗ ಬಾಯಿ ಸುಮ್ಮನಿರಲಾರದೆ, ಹುಲ್ಲುಹಾಸಿಗೆ ತೂತು ಹಾಕಿ ಬೀಜ ಬಿತ್ತುವ ಯಂತ್ರದಲ್ಲಿ ಬಹಳ ವರ್ಷದ ಅನುಭವವಿದೆ ಎಂದಿದ್ದೀರಿ. ಈಗ ಅಲ್ಲಿನ ಮೇಸ್ತ್ರಿ ನಮ್ಮ ಮುಳ್ಳಂದಿಯಂಥದ್ದೇ ಒಂದನ್ನು ಟ್ರ್ಯಾಕ್ಟರಿನ ಸಮೇತ ತಂದು ನಿಮ್ಮ ಮುಂದೆ ನಿಲ್ಲಿಸಿದ್ದಾರೆ. ಈ ತಿಂಗಳೊಳಗೆ ಮುಂಬಾಗಿಲಿನ ಹುಲ್ಲುಹಾಸನ್ನು ನೀವೇ ಓಡಿಸಿ ತೋರಿಸಬೇಕು. ಸರಿಹೋದರೆ ಕೆಲಸ ಕಾಯಂ, ಇರಲು ಆವರಣದಲ್ಲೇ ಮನೆ. ಆಮೇಲೆ ನಮ್ಮಿಬ್ಬರ ವಿಷಯವನ್ನೂ ವಕೀಲರ ಮುಂದೆ ಕೂತು ಮುಗಿಸಿಬಿಡೋಣ ಎಂದಿದ್ದೀರಿ. ಸರಿಹೋಗದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಇಲ್ಲಿಗೇ ಬರಬೇಕಾಗುತ್ತದೆ, ಅದು ಸಾವಿಗಿಂತ ಕಷ್ಟ ಎಂದೂ ಬರೆದಿದ್ದೀರಿ.

ಅನುಭವ ಇರುವುದು ನಿಜ. ಆದರೆ ಅಷ್ಟೂ ವರ್ಷ ನೀವು ಆ ಯಂತ್ರದ ಮೇಲೆ ಕೂತಿದ್ದಿರಿ, ಓಡಿಸಿದವಳು ನಾನು. ನಾವಿಬ್ಬರೂ ಕೆಲಸ ಮಾಡಿದ ಈ ಆಟದ ಮೈದಾನದ ನೆಲ ಗಟ್ಟಿ. ಉರುಳೆಯ ಮುಳ್ಳು ಒಳಗಿಳಿಯಬೇಕಾದರೆ ಮೇಲೆ ಭಾರ ಬೇಕು, ಆ ಭಾರ ನೀವಾಗಿದ್ದಿರಿ. ಬಸ್ಸಿನಲ್ಲಿ ಕೂತವರೆಲ್ಲ ಡ್ರೈವರಾಗುವುದಿಲ್ಲ. ಚುಚ್ಚಲು ಬರೆಯುತ್ತಿಲ್ಲ, ಎಲ್ಲಿಂದ ಶುರು ಮಾಡಬೇಕೆಂದು ನನಗೆ ತಿಳಿಯಬೇಕಲ್ಲ.

ಮಗಳು ಪತ್ರವನ್ನು ಕೈಗಿಟ್ಟು ಎದುರಿಗೇ ಕೂತಿದ್ದಳು. ಅವಳ ನರ್ಸಿಂಗ್ ಹಾಸ್ಟೆಲಿಗೆ ಯಾಕೆ ಕಳಿಸಿದರು ಎಂದು ಕೇಳಿದೆ. ನೇರವಾಗಿ ಕಳಿಸಿದರೆ ನೀನು ಒಡೆಯದೆ ವಾಪಸ್ಸು ಮಾಡುತ್ತೀಯೆಂದು ಅಪ್ಪನಿಗೆ ಭಯ ಎಂದಳು. ವಿಷಯ ಹೇಳಿದೆ. ಉಗುರು ಕಚ್ಚುತ್ತಾ, "ಅಮ್ಮ, ನೀನು ಕಲಿಸ್ದೆ ಇದ್ರೆ ಅಪ್ಪ ತಾನಾಗೇ ವಾಪಸ್ ಬರ್ತಾರಲ್ಲ" ಎಂದಳು.

"ಕಲಿಸ್ದೆ ಇದ್ರೆ ಬರೋದು ಪೂರ್ತಿ ಅಪ್ಪ ಅಲ್ಲ ಕಣೇ, ಎಷ್ಟು ಉಳಿದಿರ್ತಾರೋ ಅಷ್ಟು" ಎಂದೆ. ಅವಳು ಎದ್ದು ಹೋಗಿ ಕಾಗದ, ಪೆನ್ನು ತಂದಿಟ್ಟಳು. ವಾರ್ಡಿನಲ್ಲಿ ಬೆರಳು ಕಳೆದುಕೊಂಡವರನ್ನು ದಿನವೂ ನೋಡುತ್ತಾಳೆ.

ಇನ್ನು ಕೆಲಸದ ಮಾತು. ಮೊದಲು ನಿಮ್ಮ ಉಡುಪು. ಕತ್ತಿನಲ್ಲಿ ಜೋಲಾಡುವ ಆ ಮಫ್ಲರು ಮನೆಯಲ್ಲಿರಲಿ. ತೋಳಿನ ಗುಂಡಿ ಹಾಕಿಕೊಳ್ಳಿ, ಕಾಲಿಗೆ ಗಟ್ಟಿ ಬೂಟು ಇರಲಿ. ಟ್ರ್ಯಾಕ್ಟರಿನ ಬೆನ್ನಿನಿಂದ ಯಂತ್ರಕ್ಕೆ ತಿರುಗುವ ಬಲ ಒಯ್ಯುವ ಶಾಫ್ಟ್ ಇದೆಯಲ್ಲ, ಬೀಜದ ಪೆಟ್ಟಿಗೆಯನ್ನೂ ಹಿಂದಿನ ಬ್ರಷ್ಷನ್ನೂ ತಿರುಗಿಸುವುದು ಅದೇ. ಅದಕ್ಕೆ ಬಟ್ಟೆಯ ಒಂದು ಚುಂಗು ಸಿಕ್ಕರೆ ಸಾಕು, ಆಳನ್ನೇ ಸುತ್ತಿಕೊಳ್ಳುತ್ತದೆ. ಅದರ ಮೇಲಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಹೊಸದು ಬರುವವರೆಗೂ ಓಡಿಸಬೇಡಿ. ಮೇಸ್ತ್ರಿ ಏನೂ ಆಗಲ್ಲ ಎನ್ನುತ್ತಾರೆ. ಮೇಸ್ತ್ರಿಗಳು ಹಾಗನ್ನುವುದು ಇದ್ದದ್ದೇ, ಶಾಫ್ಟಿನ ಹತ್ತಿರ ನಿಲ್ಲುವವರು ಅವರಲ್ಲ.

ಯಂತ್ರ ಕಟ್ಟುವಾಗ ಅದಕ್ಕೂ ಟ್ರ್ಯಾಕ್ಟರಿಗೂ ನಡುವೆ ಯಾರೂ ನಿಂತಿರಬಾರದು. ಹಿಂದಕ್ಕೆ ತಂದು, ಬ್ರೇಕ್ ಹಾಕಿ, ಎಂಜಿನ್ ಆರಿಸಿ, ಇಳಿದು ಬಂದೇ ಪಿನ್ನು ಹಾಕಿ. ನಡುವೆ ನಿಂತು "ಇನ್ನೊಂಚೂರು, ಇನ್ನೊಂಚೂರು" ಎಂದು ಕೈಬೀಸುವ ಚಟ ನಿಮ್ಮದೇ ಇತ್ತು. ಅಲ್ಲಿ ಬೇರೆಯವರು ಅದನ್ನು ಮಾಡಲು ಬಂದರೆ ಗದರಿಸಿ ಕಳಿಸಿ. ಮೇಲೆತ್ತಿ ನಿಲ್ಲಿಸಿದ ಯಂತ್ರದ ಕೆಳಗೆ ತಲೆ ಹಾಕುವುದಂತೂ ಬೇಡವೇ ಬೇಡ. ಮುಳ್ಳಿಗೆ ಸಿಕ್ಕ ಹುಲ್ಲು ಬಿಡಿಸಬೇಕಾದರೆ ಕೆಳಗೆ ಗಟ್ಟಿಯಾದ ಆನಿಕೆ ಕೊಟ್ಟು ಬಿಡಿಸಿ.

ಓಡಿಸುವ ಮುಂಚೆ ನೆಲವನ್ನು ಕಾಲ್ನಡಿಗೆಯಲ್ಲಿ ನೋಡಿ. ಕಲ್ಲು, ತಂತಿ, ರೋಗಿಗಳ ಕಡೆಯವರು ಎಸೆದು ಹೋದ ಬಾಟಲಿ, ಎಲ್ಲ ಆರಿಸಿ. ನೀರು ಚಿಮ್ಮಿಸುವ ಕೊಳವೆಯ ಬಾಯಿಗಳು ಹುಲ್ಲಿನಲ್ಲಿ ಅಡಗಿರುತ್ತವೆ, ಪಕ್ಕದಲ್ಲಿ ಒಂದೊಂದು ಚಿಕ್ಕ ಬಾವುಟ ನೆಡಿ. ಆಸ್ಪತ್ರೆ ಎಂದ ಮೇಲೆ ಜನ ಓಡಾಡುತ್ತಾರೆ. ಹಗ್ಗ ಕಟ್ಟಿಸಿ. ಹಗ್ಗ ದಾಟಿ ಯಾರಾದರೂ ಬಂದರೆ ಹಾರನ್ ಹೊಡೆಯುತ್ತಾ ಮುಂದುವರಿಯಬೇಡಿ, ನಿಲ್ಲಿಸಿ.

ಸೀಟಿನ ಬೆಲ್ಟು ಕಟ್ಟಿಕೊಳ್ಳಿ. ನಿಧಾನ ಗೇರಿನಲ್ಲಿ ಹೊರಟು, ಟ್ರ್ಯಾಕ್ಟರು ಮುಂದಕ್ಕೆ ಹೋಗುತ್ತಿರುವಾಗ ಯಂತ್ರವನ್ನು ಮೆಲ್ಲನೆ ಇಳಿಸಿ. ಸಾಲಿನ ಕೊನೆಯಲ್ಲಿ ಮೊದಲು ಮೇಲೆತ್ತಿ, ಆಮೇಲೆ ತಿರುಗಿ. ಮುಳ್ಳು ನೆಲದಲ್ಲಿರುವಾಗ ತಿರುಗಿದರೂ ಹಿಂದಕ್ಕೆ ಬಿಟ್ಟರೂ ಹುಲ್ಲು ಚಾಪೆಯ ಹಾಗೆ ಎದ್ದು ಬರುತ್ತದೆ. ಬೀಜಕ್ಕೆ ಔಷಧಿ ಹಚ್ಚಿರುತ್ತಾರೆ, ತುಂಬುವಾಗ ಮೂಗುಬಾಯಿಗೆ ಮಾಸ್ಕ್ ಇರಲಿ, ಕೈಗೆ ಗ್ಲೌಸು ಇರಲಿ. ಹೊರಟ ಮೇಲೆ ಪೆಟ್ಟಿಗೆಯ ಬಾಯಿ ತೆರೆಯಿರಿ. ನಿಂತಲ್ಲೇ ತೆರೆದರೆ ಒಂದು ಕಡೆ ಗುಡ್ಡೆ, ಇನ್ನೊಂದು ಕಡೆ ಬೋಳು.

ಬೀಜ ಕಟ್ಟಿಕೊಂಡರೆ ಕೈಹಾಕುವ ಮುಂಚೆ ಯಂತ್ರವನ್ನು ನೆಲಕ್ಕಿಳಿಸಿ, ಶಾಫ್ಟಿನ ಬಲ ಬಿಡಿಸಿ, ಎಂಜಿನ್ ಆರಿಸಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಳ್ಳಿ. ತಿರುಗುವುದೆಲ್ಲ ಪೂರ್ತಿ ನಿಂತ ಮೇಲೆ ಇಳಿಯಿರಿ. ಕೀಲಿ ಸೀಟಿನ ಮೇಲಲ್ಲ, ಜೇಬಿನಲ್ಲಿ. ಇದಿಷ್ಟನ್ನು ದಿನಕ್ಕೆ ಎಷ್ಟು ಸಲ ಇಳಿಯುತ್ತೀರೋ ಅಷ್ಟು ಸಲ ಮಾಡಬೇಕು. ಬೇಸರ ಬರುತ್ತದೆ. ಬರಲಿ.

ಕೊನೆಯದು, ಯಂತ್ರದ ಮೇಲೆ ಯಾರೂ ಕೂರಬಾರದು. ಇದಕ್ಕೆ ವಿವರಣೆ ಬರೆಯುವುದಿಲ್ಲ. ನೀವು ಮನೆ ಬಿಟ್ಟದ್ದೇ ಈ ಮಾತಿಗಲ್ಲವೇ?

ಇಂತಿ,
ಮಗಳ ತಾಯಿ

ತಾ.ಕ.: ಬೆನ್ನು ಹಿಡಿಯುತ್ತದೆ ಎಂದು ಒಂದು ಕಡೆ ಬರೆದು ಹೊಡೆದುಹಾಕಿದ್ದೀರಿ. ಸೀಟಿನ ಕೆಳಗೆ ಸ್ಪ್ರಿಂಗ್ ಬಿಗಿ ಮಾಡುವ ತಿರುಪು ಇರುತ್ತದೆ, ನಿಮ್ಮ ತೂಕಕ್ಕೆ ಹೊಂದಿಸಿಕೊಳ್ಳಿ.

* * *

ಸೋಮವಾರ, ೧೧ನೇ ತಾರೀಖು

ಶ್ರೀಮತಿ ಡ್ರೈವರಮ್ಮನವರ ಸನ್ನಿಧಿಗೆ,

ನಿನ್ನ ಪಾಠ ಬಂತು. ಅಕ್ಕ ಗಟ್ಟಿಯಾಗಿ ಓದಿದಳು. ಓದಿ ಮುಗಿಸಿ, ಇವಳು ನಿನ್ನ ಹೆಂಡತಿಯೋ ಇನ್ಸ್‌ಪೆಕ್ಟರೋ ಎಂದು ಕೇಳಿದಳು. ಎರಡೂ ಹೌದು ಎಂದೆ. ಈಗ ಒಂದೇ ಉಳಿದಿದೆ ಎಂದೂ ಹೇಳಬಹುದಿತ್ತು, ಹೇಳಲಿಲ್ಲ.

ಹಿತ್ತಲ ಕಡೆಯ ಹುಲ್ಲಿನಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ಮೊದಲ ದಿನ ಸಾಲಿನ ಕೊನೆಯಲ್ಲಿ ಎತ್ತುವುದು ಮರೆತು ತಿರುಗಿಸಿದೆ. ನೀನು ಹೇಳಿದ ಹಾಗೇ ಚಾಪೆ ಎದ್ದು ಬಂತು. ಮೇಸ್ತ್ರಿ ಕಣ್ಣಿಗೆ ಬೀಳುವ ಮುಂಚೆ ಕಾಲಲ್ಲಿ ತುಳಿದು ಕೂರಿಸಿದೆ. ಈಗ ಪರವಾಗಿಲ್ಲ, ಗೆರೆ ನೆಟ್ಟಗೆ ಬರುತ್ತಿದೆ. ಕವಚ ಒಡೆದಿತ್ತು. ಹೊಸದು ಬರಲಿ ಎಂದು ಹಟ ಹಿಡಿದೆ, ಬಂತು. ಮಫ್ಲರು ಅಕ್ಕನ ಗೂಟದಲ್ಲಿದೆ. ನಿನಗೆ ಇಷ್ಟು ವರದಿ ಸಾಕಲ್ಲ?

ಈಗ ತೊಂದರೆ ಕೇಳು. ಇಲ್ಲಿ ದಪ್ಪಣ್ಣ ಎಂದು ಒಬ್ಬನಿದ್ದಾನೆ. ಅವನ ನಿಜವಾದ ಹೆಸರು ಅವನಿಗೇ ನೆನಪಿದೆಯೋ ಇಲ್ಲವೋ. ತೋಟದ ಆಳು. ಇಲ್ಲಿಯ ನೆಲವೂ ಗಟ್ಟಿ, ಆದ್ದರಿಂದ ಯಂತ್ರ ಓಡುವಾಗ ಮೇಲೆ ಕೂರುವುದು ಅವನ ಹಕ್ಕು. ಹಿಂದಿನ ಡ್ರೈವರ್ ಕಾಲದಿಂದಲೂ ಹಾಗೇ ನಡೆದಿದೆ. ತನ್ನ ತೂಕದಿಂದಲೇ ಈ ಆಸ್ಪತ್ರೆಯ ಹುಲ್ಲು ಹಸಿರಾಗಿರುವುದು ಎಂದು ಅವನು ನರ್ಸಮ್ಮಂದಿರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ. ನಿನ್ನ ಪತ್ರ ಬಂದ ಮೇಲೆ ಮೇಸ್ತ್ರಿಯನ್ನು ಕಬ್ಬಿಣದ ಭಾರ ಕೇಳಿದೆ. "ದಪ್ಪಣ್ಣ ಇರೋವಾಗ ಕಬ್ಬಿಣ ಯಾಕ್ರೀ?" ಎಂದು ನಕ್ಕುಬಿಟ್ಟರು. ಹೆಚ್ಚು ಎಳೆದರೆ ಓಡಿಸಲು ಬೇರೆಯವರು ಸಿಗುತ್ತಾರೆ ಎಂಬ ಸೂಚನೆಯೂ ಬಂತು.

ಅದಕ್ಕೇ ಅವನನ್ನು ಕೂರಿಸಿಕೊಂಡೇ ಓಡಿಸುವುದೆಂದು ತೀರ್ಮಾನಿಸಿದ್ದೇನೆ. ನಾನು ಅಷ್ಟು ವರ್ಷ ಕೂತಿದ್ದೆ, ನನಗೇನಾಯಿತು? ಏನೂ ಆಗಲಿಲ್ಲ. ಆದದ್ದು ಇಳಿಸಿದ ಮೇಲೆ.

ನೀನು ವಿವರಣೆ ಬರೆಯುವುದಿಲ್ಲ ಎಂದೆ, ನಾನು ಬರೆಯುತ್ತೇನೆ. ಆ ದಿನ ಬೆಳಿಗ್ಗೆ ನಾನು ಶೆಡ್ಡಿಗೆ ಬಂದಾಗ ನಾನು ಕೂರುವ ಜಾಗದಲ್ಲಿ ಕಬ್ಬಿಣದ ಗಟ್ಟಿಗಳು ಕೂತಿದ್ದವು. ನೀನು ನಟ್ಟು ಬಿಗಿಯುತ್ತಿದ್ದೆ. ಇನ್ನು ಮೇಲೆ ನೀವು ಕೂರುವ ಹಾಗಿಲ್ಲ, ಆಫೀಸಿನ ನಿಯಮ ಎಂದೆ. ನಿಯಮ ತಾನಾಗಿ ಬರಲಿಲ್ಲ, ನೀನೇ ಹೋಗಿ ಕೇಳಿ ತಂದದ್ದು ಎಂದು ಆಫೀಸಿನವರು ಆಮೇಲೆ ಹೇಳಿದರು. ನನ್ನನ್ನು ಗೇಟಿನ ಹತ್ತಿರ ಕಾಗದದ ಚೂರು ಆರಿಸಲು ಹಾಕಿದರು. ಶೆಡ್ಡಿನವರು ಏನೆಂದರು ಗೊತ್ತೇ? "ಅಣ್ಣಾ, ಅತ್ತಿಗೆ ಎರಡನೇ ಮದುವೆ ಮಾಡ್ಕೊಂಡ್ರಂತೆ, ಕಬ್ಬಿಣದ ಜೊತೆ." ನಾನೂ ನಕ್ಕೆ. ಮನೆಗೆ ಬಂದು ನಿನ್ನ ಮುಖ ನೋಡಿದೆ, ಅಲ್ಲೂ ಕಬ್ಬಿಣವೇ ಇತ್ತು. ಒಂದು ಮಾತು ಆಡಿದ್ದರೆ ಉಳಿಯುತ್ತಿದ್ದೆ.

ಇಂತಿ,
ನಿನ್ನ ಹಳೆಯ ಭಾರ

ತಾ.ಕ.: ಸ್ಪ್ರಿಂಗಿನ ತಿರುಪು ಸಿಕ್ಕಿತು. ಬೆನ್ನು ಈಗ ವಾಸಿ.

* * *

ಗುರುವಾರ, ೧೪ನೇ ತಾರೀಖು

ನಮ್ಮ ಮಗಳ ತಂದೆಯವರಿಗೆ,

ತಕ್ಷಣ ಬರೆಯುತ್ತಿದ್ದೇನೆ, ಪರೀಕ್ಷೆಯ ದಿನದೊಳಗೆ ತಲುಪಲಿ ಎಂದು. ಹಾಸ್ಟೆಲಿನ ದಾರಿ ಬಿಟ್ಟು ನೇರ ಅಕ್ಕನ ಮನೆಗೇ ಹಾಕುತ್ತೇನೆ. ಅಕ್ಕ ಗಟ್ಟಿಯಾಗಿ ಓದುವುದು ಬೇಡ.

ನಿಮಗೇನಾಯಿತು ಎಂದು ಕೇಳಿದ್ದೀರಿ. ಏನೂ ಆಗಲಿಲ್ಲ. ಏನೂ ಆಗದ ದಿನಗಳನ್ನು ಯಂತ್ರ ನೆನಪಿಟ್ಟುಕೊಂಡು ಮುಂದೆ ರಿಯಾಯಿತಿ ತೋರಿಸುವುದಿಲ್ಲ.

ನಾನು ಹೇಳಿದರೆ ನೀವು ಕೇಳುವುದಿಲ್ಲ, ಅದು ಮದುವೆಯಾದಾಗಿನಿಂದ ಇದ್ದದ್ದು. ಅದಕ್ಕೆ ಒಂದು ಕೆಲಸ ಮಾಡಿ. ಎಂಜಿನ್ ಆರಿಸಿ, ಕೀಲಿ ಜೇಬಿಗೆ ಹಾಕಿ, ಆ ದಪ್ಪಣ್ಣನವರನ್ನು ಹಿಂದೆ ಅವರ ಜಾಗದಲ್ಲಿ ಕೂರಿಸಿ. ನೀವು ಡ್ರೈವರ್ ಸೀಟಿನಲ್ಲಿ ಕೂತು, ಓಡಿಸುವಾಗ ಎಲ್ಲಿ ನೋಡಬೇಕೋ ಅಲ್ಲಿ ನೋಡಿ, ಅಂದರೆ ಮುಂದೆ. ಅವರು ಕಾಲು ಎಲ್ಲಿಟ್ಟಿದ್ದಾರೆ ಎಂದು ಹೇಳಿ. ಆಮೇಲೆ ಇಳಿದು ಹೋಗಿ ನೋಡಿ. ಮೂರು ನಾಲ್ಕು ಸಲ ಆಡಿ ನೋಡಿ, ಮಕ್ಕಳಾಟದ ಹಾಗೆ. ಅದಾದ ಮೇಲೆ ಕೂರಿಸಿಕೊಳ್ಳುವುದೋ ಬಿಡುವುದೋ ನಿಮಗೆ ಬಿಟ್ಟದ್ದು.

ಬಿಡುವುದಾದರೆ, ಕಬ್ಬಿಣ ಇಲ್ಲದೆಯೂ ದಾರಿ ಇದೆ. ಹಿಂದಿನ ದಿನ ನೆಲಕ್ಕೆ ಚೆನ್ನಾಗಿ ನೀರುಣಿಸಿ. ಬೆಳಿಗ್ಗೆ ತುಳಿದರೆ ಬೂಟಿಗೆ ಕೆಸರು ಅಂಟಬಾರದು, ಚೂರಿ ಚುಚ್ಚಿದರೆ ತಡೆಯಬಾರದು, ಆ ಹದ. ಕೆಸರಿದ್ದರೆ ಆ ದಿನ ಮುಟ್ಟಲೇಬೇಡಿ, ಜಾರುತ್ತದೆ. ಭಾರಕ್ಕೆ ಮರಳಿನ ಚೀಲ ಆಗುತ್ತದೆ. ಯಂತ್ರದ ಮೇಲಿನ ತಟ್ಟೆಯಲ್ಲಿ ಎರಡು ಕಡೆಗೂ ಸಮನಾಗಿ ಇಟ್ಟು ಬೆಲ್ಟಿನಿಂದ ಬಿಗಿಯಿರಿ. ಯಂತ್ರ ತಾಳುವಷ್ಟು ಮಾತ್ರ, ಎಷ್ಟೆಂದು ಅದರ ಮೈಮೇಲೆ ತಗಡಿನಲ್ಲಿ ಬರೆದಿರುತ್ತದೆ. ಹಿಂದೆ ಭಾರ ಹಾಕಿದ ಮೇಲೆ ಟ್ರ್ಯಾಕ್ಟರಿನ ಮೂತಿಗೂ ಭಾರ ಬೇಕು. ಇಲ್ಲದಿದ್ದರೆ ಯಂತ್ರ ಎತ್ತಿದಾಗ ಮುಂದಿನ ಚಕ್ರ ಹಗುರವಾಗಿ ಸ್ಟೇರಿಂಗು ಮಾತು ಕೇಳುವುದಿಲ್ಲ.

ಮುಂಬಾಗಿಲಿನ ಹುಲ್ಲು ಕೊಳದ ಕಡೆಗೆ ಇಳಿಜಾರು ಎಂದು ಮಗಳು ಹೇಳಿದಳು. ನೀವು ಅದನ್ನು ನನಗೆ ಬರೆಯಲೇ ಇಲ್ಲ. ಇಳಿಜಾರಿನಲ್ಲಿ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ, ಹಾಗೆ ಓಡಿಸಿ. ಅಡ್ಡಡ್ಡ ಓಡಿಸಬೇಡಿ. ನಡು ಇಳಿಜಾರಿನಲ್ಲಿ ಗೇರು ಬದಲಿಸಬೇಡಿ. ಕೊಳದ ಅಂಚನ್ನು ಬಿಟ್ಟುಬಿಡಿ, ಆ ಪಟ್ಟಿಗೆ ಕೈಯಲ್ಲಿ ಬೀಜ ಎರಚಿ. ನೋಡಿ ಯಾರಾದರೂ ನಕ್ಕರೆ ನಗಲಿ.

ಒಂದು ಮಾತು ಆಡಿದ್ದರೆ ಉಳಿಯುತ್ತಿದ್ದೆ ಎಂದಿದ್ದೀರಿ. ಆಗ ನೀವು ಉಳಿಯುವುದಕ್ಕಿಂತ ಇಳಿಯುವುದು ನನಗೆ ಮುಖ್ಯವಾಗಿತ್ತು. ಇದಕ್ಕಿಂತ ಹೆಚ್ಚು ಬರೆಯಲಾರೆ.

ಇಂತಿ,
ಮಗಳ ತಾಯಿ

ತಾ.ಕ.: ಪರೀಕ್ಷೆ ಮುಗಿದ ದಿನ ಮಗಳಿಗೆ ಫೋನು ಮಾಡಿ. ಅವಳಿಗೆ ಆತಂಕ.

* * *

ಭಾನುವಾರ, ೨೪ನೇ ತಾರೀಖು

ಡ್ರೈವರಮ್ಮನಿಗೆ,

ಮುಗಿಯಿತು. ಕೈಕಾಲು ಲೆಕ್ಕಕ್ಕೆ ಸರಿಯಾಗಿವೆ. ಮಗಳು ಹೇಳಿರುತ್ತಾಳೆ, ಆದರೂ ಪೂರ್ತಿ ಬರೆಯುತ್ತೇನೆ. ನನಗೆ ಬೇರೆ ಯಾರಿಗೂ ಹೇಳಲು ಆಗುತ್ತಿಲ್ಲ. ಅಕ್ಕನಿಗೆ ಹೇಳಿದರೆ ಅವಳು ದಪ್ಪಣ್ಣನ ಪರ.

ನೀನು ಹೇಳಿದ ಆಟ ಆಡಿದೆ. ದಪ್ಪಣ್ಣನಿಗೂ ಖುಷಿಯಾಯಿತು. ಮೊದಲ ಸಲ, ಎರಡೂ ಕಾಲು ತಟ್ಟೆಯ ಮೇಲಿದೆ ಎಂದೆ. ಇಳಿದು ನೋಡಿದರೆ ಒಂದು ಕಾಲು ಉರುಳೆಯ ಪಕ್ಕ ಜೋಲಾಡುತ್ತಿತ್ತು. ಎರಡನೇ ಸಲ ಬಲಗಾಲು ಎಂದೆ, ಎಡಗಾಲು. ಮೂರನೇ ಸಲ ಅವನು ಎದ್ದು ಹೋಗಿ ನೀರು ಕುಡಿಯುತ್ತಿದ್ದ, ನಾನು ಕೂತಲ್ಲೇ ಅವನ ಕಾಲಿನ ವಿಷಯ ಹೇಳುತ್ತಿದ್ದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೆ ನಗು ಬರಲಿಲ್ಲ. ಎಂಜಿನ್ ಆರಿದ್ದಾಗಲೇ ಗೊತ್ತಾಗದ್ದು, ಆ ಸದ್ದಿನಲ್ಲಿ ಹೇಗೆ ಗೊತ್ತಾಗಬೇಕು? ನನ್ನ ಕಾಲು ನಿನಗೆ ಒಂದು ದಿನವಾದರೂ ಕಂಡಿತ್ತೇ? ನಾನು ಹಿಂದೆ ಕೂತು ನಿನ್ನ ಬೆನ್ನು ನೋಡುತ್ತಿದ್ದೆ, ಜಡೆ ನೋಡುತ್ತಿದ್ದೆ, ಮನಸ್ಸಿಗೆ ಬಂದಂತೆ ಕಾಲಾಡಿಸುತ್ತಿದ್ದೆ. ನಿನಗೆ ಮುಂದಿನ ಗೆರೆ ಬಿಟ್ಟು ಏನೂ ಕಾಣುತ್ತಿರಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ದಪ್ಪಣ್ಣ ಹೊಸ ಶರ್ಟು ಹಾಕಿಕೊಂಡು, ತಲೆ ಬಾಚಿಕೊಂಡು ಬಂದಿದ್ದ. ಕಿಟಕಿಗಳಲ್ಲಿ ರೋಗಿಗಳು ನೋಡುತ್ತಾರಲ್ಲ. ಬಂದವನೇ ಹೋಗಿ ಮೇಲೆ ಕೂತ. ಮೇಸ್ತ್ರಿ ಗಡಿಯಾರ ನೋಡಿ, ಹೊರಡಿ ಎಂದರು.

"ದಪ್ಪಣ್ಣ, ಇಳಿ" ಎಂದೆ. "ನೀನು ಮೇಲಿರೋವರೆಗೆ ನಾನು ಕೀ ತಿರುಗಿಸೋದಿಲ್ಲ."

ಮೇಸ್ತ್ರಿ ನನ್ನ ಮೇಲೆ ಕೂಗಾಡಿದರು. ಅನುಭವ ಇದೆ ಅಂದದ್ದು ಸುಳ್ಳೇ ಎಂದು ಎಲ್ಲರೆದುರಿಗೆ ಕೇಳಿದರು. ಕೂತ ಅನುಭವ ಇದೆ, ಅದಕ್ಕೇ ಹೇಳುತ್ತಿದ್ದೇನೆ ಎಂದೆ. ಕೀಲಿಯನ್ನು ಜೇಬಿಗೆ ಹಾಕಿಕೊಂಡು ಇಳಿದು ನಿಂತೆ. ಕೆಲಸ ಹೋಯಿತು ಎಂದೇ ಅಂದುಕೊಂಡೆ, ನಿನ್ನ ಎದುರಿಗೆ ಗಂಟಿನ ಸಮೇತ ಬಂದು ನಿಲ್ಲುವುದೂ ಕಣ್ಣಿಗೆ ಕಟ್ಟಿತು. ವಿಚಿತ್ರವೆಂದರೆ ಅದು ಸಾವಿಗಿಂತ ಕಷ್ಟ ಅನ್ನಿಸಲಿಲ್ಲ. ಕೊನೆಗೆ ಮೇಸ್ತ್ರಿ, ಏನಾದರೂ ಮಾಡಿಕೊಂಡು ಸಾಯಿ ಎಂದರು. ಮರಳಿನ ಚೀಲ ತುಂಬಿಸಿಟ್ಟಿದ್ದೆ, ಬಿಗಿದೆ. ಮೂತಿಗೂ ಭಾರ ಹಾಕಿದೆ. ಹಿಂದಿನ ದಿನ ನೀರುಣಿಸಿದ್ದರಿಂದ ನೆಲ ಹದವಾಗಿತ್ತು. ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಓಡಿಸಿದೆ. ಕೊಳದ ಅಂಚಿಗೆ ಕೈಯಲ್ಲಿ ಬೀಜ ಎರಚಿದೆ, ಯಾರೂ ನಗಲಿಲ್ಲ. ಮೇಸ್ತ್ರಿ ಬಂದು ತೂತುಗಳಲ್ಲಿ ಬೆರಳು ಹಾಕಿ ಹಾಕಿ ನೋಡಿದರು. ಆಯ್ತು ಬಿಡಿ ಎಂದರು. ಮರುದಿನ ಕೆಲಸ ಕಾಯಂ ಆದ ಕಾಗದ ಬಂತು, ಮನೆಯ ಬೀಗದ ಕೈ ಬಂತು. ಎರಡು ಕೋಣೆ, ಬೆಳಕು ಚೆನ್ನಾಗಿದೆ.

ಆದರೆ ದಪ್ಪಣ್ಣ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಆ ದಿನ ಅವನು ಇಳಿದು, ಹೊಸ ಶರ್ಟಿನ ಹಿಂಭಾಗ ಜಾಡಿಸಿಕೊಂಡು, ಕಿಟಕಿಗಳ ಕಡೆ ನೋಡದೆ ಶೆಡ್ಡಿಗೆ ಹೋದ. ಅವನ ಹೆಂಡತಿ ಬಂದು, ನನ್ನ ಗಂಡನ ಹೊಟ್ಟೆಯ ಮೇಲೆ ಹೊಡೆದೆ ಎಂದು ಬೈದು ಹೋದಳು. 'ನಿನ್ನ ಗಂಡನ ಕಾಲು ಉಳಿಸಿದೆ ಕಣಮ್ಮ' ಎನ್ನಬೇಕೆನಿಸಿತು, ಎನ್ನದೆ ಹೋಗಿ ಮರಳಿನ ಚೀಲ ಬಿಚ್ಚತೊಡಗಿದೆ. ಅವನ ಮುಖ ನೋಡಿದಾಗ, ಆವತ್ತು ಶೆಡ್ಡಿನಲ್ಲಿ ನನ್ನ ಮುಖ ನಿನಗೆ ಹೇಗೆ ಕಂಡಿರಬೇಕು ಎಂದು ಗೊತ್ತಾಯಿತು. ಅದನ್ನು ನೋಡಿಕೊಂಡೂ ನೀನು ನಟ್ಟು ಬಿಗಿಯುತ್ತಲೇ ಇದ್ದೆ. ಈಗ ನನಗೆ ಆ ಸಿಟ್ಟಿಲ್ಲ, ಒಂದು ಪ್ರಶ್ನೆ ಮಾತ್ರ ಇದೆ. ನಾನು ದಪ್ಪಣ್ಣನಿಗೆ ಮೊದಲೇ ಆಟ ಆಡಿಸಿ ಕಾರಣ ತೋರಿಸಿದೆ. ನೀನು ನನಗೆ ಯಾಕೆ ಹೇಳಲಿಲ್ಲ? ಏನೂ ಆಗದೆ ಅಷ್ಟು ವರ್ಷ ಕೂರಿಸಿಕೊಂಡು ಓಡಿಸಿದವಳಿಗೆ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಏನಾಯಿತು?

ವಕೀಲರ ಕಾಗದ ಯಾವಾಗ ಕಳಿಸಲಿ, ತಿಳಿಸು. ಮೊದಲು ನಾನೇ ಎತ್ತಿದ ಮಾತು, ನಾನೇ ಮರೆತ ಹಾಗೆ ಇರುವುದು ಚೆನ್ನಾಗಿರುವುದಿಲ್ಲ.

ಇಂತಿ,
ಮಗಳ ಅಪ್ಪ

ತಾ.ಕ.: ಮನೆಗೆ ಇನ್ನೂ ಹೋಗಿಲ್ಲ. ಬೀಗದ ಕೈ ಅಕ್ಕನ ಹತ್ತಿರವೇ ಇದೆ.

* * *

ಬುಧವಾರ, ೨೭ನೇ ತಾರೀಖು

ರೀ,

ಕೆಲಸ ಕಾಯಂ ಆದದ್ದು ತಿಳಿದು ಸಂತೋಷವಾಯಿತು. ಮಗಳು ಹಾಸ್ಟೆಲಿನಲ್ಲಿ ಎಲ್ಲರಿಗೂ ಸಿಹಿ ಹಂಚಿದಳಂತೆ. ಆಮೇಲೆ ನನಗೆ ಫೋನು ಮಾಡಿ ಅತ್ತಳು. ಎರಡಕ್ಕೂ ಕಾರಣ ಒಂದೇ ಎಂದಳು. ಅವಳಿಗೆ ಇಪ್ಪತ್ತು ದಾಟಿದೆ, ತಾನೇ ಸುಧಾರಿಸಿಕೊಳ್ಳುತ್ತಾಳೆ.

ಇನ್ನು ಕೆಲಸ ನಿಮ್ಮದೇ ಆದ್ದರಿಂದ ಉಳಿದದ್ದನ್ನೂ ತಿಳಿದುಕೊಳ್ಳಿ. ಕೆಲಸ ಮುಗಿದ ದಿನವೇ ಬೀಜದ ಪೆಟ್ಟಿಗೆ ಖಾಲಿ ಮಾಡಿ, ಉಳಿದ ಬೀಜ ಒಳಗೇ ಬಿಟ್ಟರೆ ಮೊಳಕೆ ಬಂದು ಕಟ್ಟಿಕೊಳ್ಳುತ್ತದೆ. ಮುಳ್ಳಿಗೆ ಅಂಟಿದ ಮಣ್ಣನ್ನು ಕೈಯಲ್ಲಿ ಕೆರೆಯಬೇಡಿ, ನೀರು ಹಾಯಿಸಿ. ಸವೆದ ಮುಳ್ಳು ಬದಲಿಸಿ. ರಾತ್ರಿ ನಿಲ್ಲಿಸುವಾಗ ಯಂತ್ರ ನೆಲದ ಮೇಲೇ ಕೂತಿರಲಿ, ಎತ್ತಿ ನಿಲ್ಲಿಸಬೇಡಿ. ಬಿತ್ತಿದ ಜಾಗದ ಹಗ್ಗವನ್ನು ಹುಲ್ಲು ಬೆರಳುದ್ದ ಬರುವವರೆಗೆ ಬಿಚ್ಚಬೇಡಿ, ದೊಡ್ಡ ಡಾಕ್ಟರೇ ಬಂದು ಕೇಳಿದರೂ.

ದಪ್ಪಣ್ಣನವರಿಗೆ ಕಾರಣ ತೋರಿಸಿದ್ದು ಒಳ್ಳೆಯದಾಯಿತು. ಕಾರಣ ತೋರಿಸಿದರೂ ಅವರು ಮಾತು ಬಿಟ್ಟಿದ್ದಾರೆ ಎಂಬುದನ್ನೂ ಗಮನಿಸಿ. ಅವರಿಗೆ ಬೇರೆ ಏನಾದರೂ ಕೆಲಸ ಕೊಡಿಸಿ, ಎಲ್ಲರ ಕಣ್ಣಿಗೆ ಬೀಳುವಂಥದ್ದು. ಹಗ್ಗ ಕಾಯುವುದಾದರೂ ಆದೀತು. ನಿಮಗೆ ಗೇಟಿನ ಕಾಗದ ಆರಿಸುವ ಕೆಲಸ ಕೊಟ್ಟಾಗ ನಾನು ಆಫೀಸಿನಲ್ಲಿ ಬಾಯಿ ಬಿಡಬೇಕಿತ್ತು, ಅಷ್ಟು ದೂರ ನನ್ನ ತಲೆ ಓಡಲಿಲ್ಲ.

ಯಾಕೆ ಹೇಳಲಿಲ್ಲ ಎಂದು ಕೇಳಿದ್ದೀರಿ. ಬೇರೆ ಮೈದಾನಗಳಲ್ಲಿ ಅಪಘಾತಗಳಾಗಿದ್ದವು, ನಿಯಮ ಬರುವ ಸೂಚನೆ ಇತ್ತು, ನಾನು ಮೊದಲೇ ಹೋಗಿ ಕೇಳಿದೆ. ಹೇಳಿದರೆ ನೀವು ಜಗಳ ತೆಗೆದು ಮತ್ತೆ ಹತ್ತಿ ಕೂರುತ್ತಿದ್ದಿರಿ. ಇಷ್ಟೇ.

ವಕೀಲರ ಕಾಗದ ಕಳಿಸಿ. ಸಹಿ ಹಾಕಿ ವಾಪಸ್ಸು ಮಾಡುತ್ತೇನೆ. ಬೆನ್ನು ಜೋಪಾನ.

ಇಂತಿ,
ಡ್ರೈವರಮ್ಮ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಕಬ್ಬಿಣ ತರಿಸುವ ಹಿಂದಿನ ವಾರ, ಗಾಳಿ ಬೀಸುತ್ತಿದ್ದ ಒಂದು ದಿನ, ನಾವು ಮೈದಾನದ ಆಚೆ ತುದಿಯಲ್ಲಿದ್ದೆವು. ಟ್ರ್ಯಾಕ್ಟರಿನ ಸದ್ದು ಇದ್ದಕ್ಕಿದ್ದಂತೆ ಹಗುರವಾಯಿತು. ನೀವು ಮೇಲಿಲ್ಲ ಎಂದು ಗೊತ್ತಾಯಿತು. ನಿಲ್ಲಿಸಿದೆ, ಎಂಜಿನ್ ಆರಿಸಿದೆ, ಕೀಲಿ ತೆಗೆದೆ. ಅಷ್ಟೂ ಕೈಗಳು ಮಾಡಿದವು. ಕತ್ತು ಮಾತ್ರ ಹಿಂದಕ್ಕೆ ತಿರುಗಲಿಲ್ಲ. ನೀವು ಉರುಳೆಯ ಕೆಳಗಿದ್ದೀರಿ ಎಂದುಕೊಂಡು ಮುಂದೆ ನೋಡುತ್ತಾ ಕೂತಿದ್ದೆ. ಮಗಳಿಗೆ ಯಾವ ಮಾತಿನಿಂದ ಶುರು ಮಾಡಿ ಹೇಳುವುದು ಎಂದು ಯೋಚಿಸಿ, ಆ ಮಾತನ್ನೂ ಹುಡುಕಿಕೊಂಡಿದ್ದೆ. ಅಷ್ಟರಲ್ಲಿ ನೀವು ಹಾರಿಹೋದ ಟೋಪಿಯನ್ನು ಹಿಡಿದುಕೊಂಡು ಮುಂದಿನಿಂದ ಬಂದು, "ಏನೇ, ಡೀಸೆಲ್ ಮುಗೀತಾ?" ಎಂದು ನಕ್ಕಿರಿ. ನಾನು ಟೋಪಿಯ ಮೇಲೆ ರೇಗಿದೆ. ಇದನ್ನು ಹೇಳಬೇಕಾದರೆ ಆ ಕೂತಿದ್ದಷ್ಟು ಹೊತ್ತು ನನಗೆ ಏನಾಗಿತ್ತು ಎಂದೂ ಹೇಳಬೇಕಾಗುತ್ತಿತ್ತು, ಅದಕ್ಕೆ ಬಾಯಿ ಬರಲಿಲ್ಲ. ನೀವು ಬೇರೆ ಊರಿನಲ್ಲಿ ನನ್ನನ್ನು ಬೈದುಕೊಂಡಾದರೂ ಇರಿ, ಇದ್ದರೆ ಸಾಕು ಎನಿಸಿತ್ತು. ಈಗ ಅಷ್ಟೇ ಸಾಕೆನಿಸುತ್ತಿಲ್ಲ. ಮೇಲೆ ಸಹಿ ಹಾಕುತ್ತೇನೆ ಎಂದು ಬರೆದಿದ್ದೇನೆ, ಆ ಸಾಲನ್ನು ಹೊಡೆದುಹಾಕಿಕೊಂಡು ಓದಿ.